ಸೂಜಿ ನಿಂತ ಮೂಲೆ

ನನಗೆ ಆದ ಅನ್ಯಾಯ ಇಷ್ಟು. ಮಲ್ಲಸಮುದ್ರದ ಕಡೆ ಹೋಗುವ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ, ನಾಲ್ಕು ಊರುಗಳ ಹೆಂಗಸರ ಎದುರಿಗೆ, ನಮ್ಮ ತಂಡದಲ್ಲಿ ಎಲ್ಲರಿಗಿಂತ ಕಡಿಮೆ ದುಡಿದವಳು ನಾನೆಂದು ಮೈಕಿನಲ್ಲಿ ಓದಿ ಹೇಳಿದರು. ಮುಂದಿನ ವರ್ಷ ನನ್ನ ಜಾಗದಲ್ಲಿ ಹೊಸಬರು ಕೂರುತ್ತಾರೆಂದೂ ಹೇಳಿದರು. ಆಮೇಲೆ ಚಪ್ಪಾಳೆ ತಟ್ಟಲು ಹೇಳಿದರು. ಜನ ತಟ್ಟಿದರು.

ಅವರ ಎಣಿಕೆ ತಪ್ಪಾಗಿತ್ತೆಂದು ನಾನು ಎಲ್ಲಿಯೂ ಹೇಳಿಲ್ಲ. ಎಣಿಕೆ ಸರಿಯಾಗಿಯೇ ಇತ್ತು. ಅದಕ್ಕೇ ಇದನ್ನು ಬರೆಯಬೇಕಾಯಿತು. ತಪ್ಪು ಎಣಿಸಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

ನಾನು ಬೆಟಗೇರಿಯವಳು. ಸರಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸಿ ನಿವೃತ್ತಳಾದೆ. ಓಣಿಯಲ್ಲಿ ಈಗಲೂ ನನ್ನನ್ನು ಬಾಯಾರು, ಅಂದರೆ ಟೀಚರು, ಎನ್ನುತ್ತಾರೆ. ನಮ್ಮದು ಒಂದೇ ಅಂಗಳದ ಎರಡು ಮನೆ. ಒಂದರಲ್ಲಿ ನಾನು ಮತ್ತು ನನ್ನ ಮಗ, ಇನ್ನೊಂದರಲ್ಲಿ ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಎರಡು ಮನೆಗೂ ಸೇರಿದ ಪಡಸಾಲೆಯಲ್ಲಿ ಹಿಂದೆ ಮಾವನವರ ಕೈಮಗ್ಗವಿತ್ತು. ಮಗ್ಗ ಹೋದ ಮೇಲೆ ಉಳಿದ ಆ ಬಯಲು ಜಾಗದಲ್ಲಿ ನಾವು ಕೌದಿ ಹೊಲಿಯಲು ಕುಳಿತೆವು. ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಕೂಸಿನ ಕೌದಿ ನಮ್ಮ ಪಡಸಾಲೆಯಲ್ಲೇ ಹುಟ್ಟುತ್ತಿತ್ತು.

ಹಳೆಯ ಸೀರೆ, ಧೋತರ, ಮಕ್ಕಳ ಹರಕು ಅಂಗಿ, ಇವನ್ನೆಲ್ಲ ಪದರಪದರವಾಗಿ ಹಾಸಿ ಹೊಲಿದರೆ ಕೌದಿ. ಹೇಳಲು ಇಷ್ಟೇ. ಕೂತು ಹೊಲಿದವರಿಗೆ ಗೊತ್ತು, ಹಾಸಿದ ಬಟ್ಟೆ ಸುಮ್ಮನೆ ಬಿದ್ದಿರುವುದಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಉಬ್ಬುತ್ತದೆ. ಆದ್ದರಿಂದ ನಮ್ಮ ಓಣಿಯಲ್ಲಿ ಒಂದು ಪದ್ಧತಿ. ಐದು ಜನ ಕೂರಬೇಕು. ನಾಲ್ವರು ನಾಲ್ಕು ಬದಿಗೆ, ಒಬ್ಬಳು ನಡುವೆ. ಬದಿಯವರು ಅಂಚಿನಿಂದ ಒಳಗೆ ಸಾಲುಸಾಲಾಗಿ ಹೊಲಿಯುತ್ತ ಬರುತ್ತಾರೆ. ತನ್ನ ಬದಿ ಮುಗಿದು ಮೂಲೆ ಬಂದಾಗ ಸೂಜಿಯನ್ನು ದಾರದ ಸಮೇತ ಬಟ್ಟೆಗೆ ಚುಚ್ಚಿ ಬಿಟ್ಟುಬಿಡಬೇಕು. ಪಕ್ಕದ ಬದಿಯವಳು ಆ ಸೂಜಿಯನ್ನೇ ಎತ್ತಿಕೊಂಡು ಮೂಲೆ ತಿರುಗಿಸಿ ಮುಂದೆ ಹೊಲಿಯಬೇಕು. ಇದಕ್ಕೆ ನಾವು ಸೂಜಿ ಬಿಡುವುದು ಎನ್ನುತ್ತೇವೆ. ಹೀಗೆ ಸೂಜಿಗಳು ಕೌದಿಯ ಸುತ್ತ ತಿರುಗುತ್ತಲೇ ಇರುತ್ತವೆ. ಸಂಜೆಯ ಹೊತ್ತಿಗೆ ಯಾರ ಸೂಜಿ ಯಾರದೆಂದು ಹೇಳಲು ಬರುವುದಿಲ್ಲ. ದಾರವೂ ಒಂದೇ ಬಣ್ಣದ್ದು. ಯಾವ ಹೊಲಿಗೆ ಯಾರದೆಂದು ಕೇಳಿದವರನ್ನು ನಾನು ಕಂಡಿರಲಿಲ್ಲ.

ನಡುವೆ ಕೂರುವವಳು ನಾನು. ಮೊದಲು ಎಲ್ಲ ಪದರಗಳನ್ನೂ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿದಿಡುತ್ತೇನೆ. ಆಮೇಲೆ ಬದಿಯವರು ಹೊಲಿದಂತೆಲ್ಲ ನಡುವಿಗೆ ಸರಿದು ಬರುವ ಸುಕ್ಕನ್ನು ಅಂಗೈಯಿಂದ ತೀಡಿ ತೀಡಿ ಸಮ ಮಾಡುತ್ತೇನೆ. ಇದು ನಡು ಹಿಡಿಯುವ ಕೆಲಸ. ಕಡೆಗೆ ನಡುವೆ ಒಂದು ಬಾಯಿಯಷ್ಟು ಜಾಗ ಉಳಿಯುತ್ತದೆ. ಅದರೊಳಗೆ ಒಣರೊಟ್ಟಿಯ ಒಂದು ಚೂರು, ನಾಲ್ಕು ಜೋಳದ ಕಾಳು ಇಟ್ಟು ಮುಚ್ಚಿ ಹೊಲಿಯುತ್ತೇವೆ. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. ಹಸಿದ ಕೌದಿಯನ್ನು ಕೂಸಿಗೆ ಹೊದಿಸಬಾರದು. ಬಾಯಿ ಮುಚ್ಚಿದ ಮೇಲೆ ಕಚ್ಚಾ ಹೊಲಿಗೆಯನ್ನೆಲ್ಲ ಕಿತ್ತು ತೆಗೆಯುತ್ತೇವೆ. ಅಂದರೆ ನಾನು ಹೊಲಿದದ್ದು ಕೌದಿಯಲ್ಲಿ ಉಳಿಯುವುದಿಲ್ಲ. ಉಳಿಯಬಾರದು. ಉಳಿದರೆ ಚುಚ್ಚುತ್ತದೆ.

ಒಂದು ಸಂಸ್ಥೆಯವರು ಕೌದಿ ಸ್ಪರ್ಧೆ ಶುರು ಮಾಡಿದಾಗ ನಮಗೆ ಸಂತೋಷವೇ ಆಯಿತು. ಗದಗ-ಬೆಟಗೇರಿಯಿಂದ ಒಂದು ತಂಡ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಒಂದೊಂದು. ಬೆಳಿಗ್ಗೆ ಕೂತು ಸಂಜೆಗೆ ಮುಗಿಸಬೇಕು. ಚೆನ್ನಾಗಿರುವ ಕೌದಿಗೆ ಬಹುಮಾನ, ಅದು ಇಡೀ ತಂಡಕ್ಕೆ. ಮೊದಲ ವರ್ಷ ಮುಂಡರಗಿಯವರು ಗೆದ್ದರು, ಎರಡನೆಯ ವರ್ಷ ನಾವು.

ಆ ಎರಡು ವರ್ಷ ನಾವು ಹೇಗಿದ್ದೆವೆಂದರೆ, ಬೇರೆ ತಂಡದವರು ನಮ್ಮ ಚಾಪೆಯ ಹತ್ತಿರ ಬಂದರೆ ಸೆರಗಿನಿಂದ ಕೌದಿ ಮುಚ್ಚುತ್ತಿದ್ದೆವು. ನನ್ನ ನೆಗೆಣ್ಣಿಯಂತೂ ಶಿರಹಟ್ಟಿಯವರು ಕೊಟ್ಟ ಅಡಿಕೆಯನ್ನೂ ತಿನ್ನಲಿಲ್ಲ. ಗೆಲ್ಲದಂತೆ ಏನಾದರೂ ಮಾಡಿಸಿದ್ದರೆ ಎಂಬ ಅನುಮಾನ. ಹಿಂದಿನ ದಿನವೆಲ್ಲ ಪಡಸಾಲೆಯಲ್ಲಿ ಕೂತು ಬಣ್ಣ ಹೊಂದಿಸುವಾಗ ಓಣಿಯ ಹೆಂಗಸರೆಲ್ಲ ಬಂದು ಒಂದೊಂದು ತುಂಡು ಕೊಟ್ಟು ಹೋಗುತ್ತಿದ್ದರು. ಸ್ಪರ್ಧೆಗೆ ಹೋಗುವವರು ಐದು ಜನ. ಕೌದಿಯಲ್ಲಿ ಇಡೀ ಓಣಿಯ ಬಟ್ಟೆ ಇತ್ತು.

ಐವರಲ್ಲಿ ಎಲ್ಲರೂ ಸಮನಾಗಿ ದುಡಿದರೆಂದು ನಾನು ಬರೆಯುವುದಿಲ್ಲ. ಹಿಟ್ಟಿನ ಗಿರಣಿಯವರ ಸೊಸೆ ಒಂದು ಸಾಲು ಹೊಲಿದರೆ ಎರಡು ಕಥೆ ಹೇಳುವವಳು. ಅವಳ ಬದಿ ಹಿಂದೆ ಬೀಳುತ್ತಿತ್ತು. ಅವಳ ಪಕ್ಕದಲ್ಲಿದ್ದ ನನ್ನ ನೆಗೆಣ್ಣಿ ತನ್ನ ಸಾಲು ಮುಗಿಸಿ, ಸೂಜಿ ಬಿಡದೆ, ಹಾಗೆಯೇ ಮೂಲೆ ತಿರುಗಿ ಅವಳ ಬದಿಯ ಅರ್ಧವನ್ನೂ ಹೊಲಿದುಬಿಡುತ್ತಿದ್ದಳು.

“ನಿನ್ನ ಬಾಯಿಗೆ ದಾರಾ ಪೋಣಿಸಿದ್ರ ಈಟೊತ್ತಿಗೆ ಎರಡ ಕೌದಿ ಆಗತಿದ್ವು ನೋಡವಾ,” ಎನ್ನುತ್ತಿದ್ದಳು ನೆಗೆಣ್ಣಿ.

“ಮಾತಾಡ್ಲಿಲ್ಲಂದ್ರ ಇವರೆಲ್ಲಾ ನಿದ್ದಿ ಹೊಡೀತಾರ, ಚಿಗವ್ವಾ. ನಾ ಎಬ್ಬಿಸಿ ಇಟ್ಟೇನಿ. ಅದೂ ಕೆಲಸಾನ,” ಎನ್ನುತ್ತಿದ್ದಳು ಗಿರಣಿಯವರ ಸೊಸೆ.

ಖರೆ ಹೇಳಬೇಕೆಂದರೆ ಅದೂ ಕೆಲಸವೇ ಆಗಿತ್ತು. ಅವಳು ಬಾರದ ದಿನ ಪಡಸಾಲೆಯಲ್ಲಿ ಸಾಲುಗಳು ನಿಧಾನವಾಗುತ್ತಿದ್ದವು.

ಎರಡನೆಯ ವರ್ಷ ನಾವು ಗೆದ್ದ ಕೌದಿಯನ್ನು ಮೂಲೆಮನೆಯ ಮೊದಲ ಮೊಮ್ಮಗಳಿಗೆ ಹೊದಿಸಿದೆವು. ಮೂಲೆಮನೆಯ ಅತ್ತೆ ಮತ್ತು ಸೊಸೆ ಇಬ್ಬರೂ ನಮ್ಮ ತಂಡದವರೇ. ಅಲ್ಲಿಗೆ ಐವರ ಲೆಕ್ಕವಾಯಿತು: ಆ ಅತ್ತೆ, ಆ ಸೊಸೆ, ಗಿರಣಿಯವರ ಸೊಸೆ, ನನ್ನ ನೆಗೆಣ್ಣಿ, ನಾನು.

ಮೂರನೆಯ ವರ್ಷ ಸಂಸ್ಥೆಗೆ ಹೊಸ ಸಂಯೋಜಕರು ಬಂದರು. ವಯಸ್ಸು ಚಿಕ್ಕದು, ಮಾತು ಮೃದು. ಸ್ಪರ್ಧೆಗೆ ಮುಂಚೆ ನಾಲ್ಕು ತಂಡದವರನ್ನೂ ಕರೆಸಿ ಸಭೆ ಮಾಡಿದರು. ಆ ಸಭೆಯಲ್ಲಿ ಅವರು ಕೂತದ್ದು ಕುರ್ಚಿಯಲ್ಲಿ, ನಮ್ಮನ್ನು ಕೂರಿಸಿದ್ದು ಜಮಖಾನೆಯ ಮೇಲೆ. ಅದನ್ನು ನಾನು ಆಗಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ತಂಡಕ್ಕೆ ಮಾತ್ರ ಬಹುಮಾನ ಕೊಟ್ಟರೆ ಚೆನ್ನಾಗಿ ದುಡಿದವರಿಗೂ ಸುಮ್ಮನೆ ಕೂತವರಿಗೂ ಒಂದೇ ಆಗುತ್ತದೆ, ಇದು ಅನ್ಯಾಯ ಎಂದರು. ಅನ್ಯಾಯ ಎಂಬ ಶಬ್ದವನ್ನು ಮೊದಲು ಬಳಸಿದವರು ಅವರೇ.

ಹೊಸ ನಿಯಮ ಹೀಗಿತ್ತು. ಪ್ರತಿಯೊಬ್ಬಳಿಗೂ ಒಂದೊಂದು ಬಣ್ಣದ ದಾರ. ಕೌದಿ ಮುಗಿದ ಮೇಲೆ ಯಾವ ಬಣ್ಣದ ಹೊಲಿಗೆ ಎಷ್ಟೆಂದು ಎಣಿಸುತ್ತಾರೆ. ತಂಡದಲ್ಲಿ ಹೆಚ್ಚು ಹೊಲಿದವಳಿಗೆ ಒಂದು ಹೊಲಿಗೆ ಯಂತ್ರ. ಕಡಿಮೆ ಹೊಲಿದವಳಿಗೆ ಮುಂದಿನ ವರ್ಷ ತಂಡದಲ್ಲಿ ಜಾಗವಿಲ್ಲ. ಚೆನ್ನಾದ ಕೌದಿಗೆ ತಂಡದ ಬಹುಮಾನ ಇದ್ದೇ ಇದೆ, ಆದರೆ ಅದು ಒಂದು ಫಲಕ ಮಾತ್ರ.

ನಾನು ಎದ್ದು ನಿಂತು ಕೇಳಿದೆ, “ನಡು ಹಿಡಿಯುವವಳದು ಹೇಗೆ ಎಣಿಸುತ್ತೀರಿ? ಅವಳ ಹೊಲಿಗೆ ಕಿತ್ತು ತೆಗೆಯುವುದು.”

“ಅಜ್ಜೀ, ನೀವೂ ಒಂದ ಬದಿ ತೊಗೋರಿ. ಎಲ್ಲಾರಿಗೂ ಅವಕಾಶ ಐತಿ,” ಎಂದರು ಅವರು.

ಅಜ್ಜಿ ಎಂದರು. ಬಾಯಾರ ಎನ್ನಲಿಲ್ಲ. ಕೌದಿಗೆ ನಾಲ್ಕೇ ಬದಿ ಇರುತ್ತದೆಂದು ನಾನು ಹೇಳಿದೆ. ಅವರು ನಕ್ಕು ಮುಂದಿನ ವಿಷಯಕ್ಕೆ ಹೋದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಗಿರಣಿಯವರ ಸೊಸೆಯೂ ಮಾತಾಡಲಿಲ್ಲ. ಮೂಲೆಮನೆಯ ಸೊಸೆ ನನ್ನ ಕಿವಿಯ ಹತ್ತಿರ ಬಾಗಿ, “ನೋಡ್ರಿ ಬಾಯಾರ, ಅತ್ತಿಕಿಂತಾ ಮುಂದ ಹೋದ್ರ ಮನ್ಯಾಗ ಊಟಾ ಇಲ್ಲ, ಹಿಂದ ಬಿದ್ರ ಮಂದ್ಯಾಗ ಮಾನಾ ಇಲ್ಲ. ನನಗ ಯಾ ಬಣ್ಣಾ ಕೊಟ್ಟರೂ ಕರೀದ ನೋಡ್ರಿ,” ಎಂದಳು. ಮುಂದಿನ ಸೀಟಿನಲ್ಲಿದ್ದ ಅತ್ತೆಗೆ ಕೇಳಿಸಿತು. “ಲೇ, ನಿನ್ನ ಊಟಾ ನಾ ಯಾವಾಗ ಕಸಗೊಂಡೀನಿ?” ಎಂದಳು ತಿರುಗದೆಯೇ. ನಾವು ನಕ್ಕೆವು. ನಮ್ಮ ತಂಡ ಒಟ್ಟಿಗೆ ನಕ್ಕದ್ದು ಅದೇ ಕಡೆಯದೆಂದು ನನಗೆ ನೆನಪು.

ಸ್ಪರ್ಧೆಯ ದಿನ ಬಂತು. ನೆಗೆಣ್ಣಿಗೆ ಕೆಂಪು ದಾರ, ಗಿರಣಿಯವರ ಸೊಸೆಗೆ ಹಸಿರು, ಅತ್ತೆಗೆ ನೀಲಿ, ಸೊಸೆಗೆ ಕಪ್ಪು. ಕಪ್ಪೇ ಬಂತೆಂದು ಸೊಸೆ ನನ್ನ ಕಡೆ ನೋಡಿದಳು. ನನಗೆ ಹಳದಿ. ನಾನು ಎಂದಿನಂತೆ ನಡುವೆ ಕೂತು ಹಳದಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದೆ. ಯಾರೂ ಬೇಡ ಎನ್ನಲಿಲ್ಲ. ಯಾರಾದರೂ ಹಾಕಬೇಕಿತ್ತು, ಆ ಯಾರಾದರೂ ತಾನಾಗಬಾರದೆಂದು ಉಳಿದ ನಾಲ್ವರಿಗೂ ಇತ್ತು.

ಮೊದಲ ಸಾಲು ಮುಗಿದು ನೆಗೆಣ್ಣಿ ಮೂಲೆಗೆ ಬಂದಳು. ಸೂಜಿ ಬಿಡಬೇಕು. ಬಿಡಲಿಲ್ಲ. ಬಿಟ್ಟರೆ ಅವಳ ಕೆಂಪು ದಾರದಲ್ಲಿ ಗಿರಣಿಯವರ ಸೊಸೆ ಹೊಲಿಯಬೇಕು, ಆ ಹೊಲಿಗೆ ಕೆಂಪಿನ ಲೆಕ್ಕಕ್ಕೆ ಹೋಗುತ್ತದೆ. ಹೊಲಿಯುವವಳಿಗೆ ಅದು ನಷ್ಟ. ಎತ್ತಿಕೊಳ್ಳಲು ಅವಳೂ ಕೈ ಚಾಚಲಿಲ್ಲ. ನೆಗೆಣ್ಣಿ ದಾರ ಕಡಿದು, ತನ್ನ ಬದಿಯ ಇನ್ನೊಂದು ತುದಿಗೆ ಸರಿದು, ಹೊಸ ಸಾಲು ಹಿಡಿದಳು. ಆಮೇಲೆ ಎಲ್ಲರೂ ಹಾಗೆಯೇ ಮಾಡಿದರು. ಮೂಲೆಯನ್ನು ಯಾರೂ ತಿರುಗಿಸಲಿಲ್ಲ. ಮೂಲೆ ತಿರುಗಿಸಲು ಹೊತ್ತು ಹಿಡಿಯುತ್ತದೆ, ಹೊಲಿಗೆ ಕಡಿಮೆ ಬೀಳುತ್ತದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಬಣ್ಣದ ಸಾಲುಗಳು ಒಂದರ ಮೇಲೊಂದು ಹತ್ತಿ, ಬಟ್ಟೆ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಯಿತು.

ಬೇಗ ಹೊಲಿದರು. ಇದನ್ನು ಒಪ್ಪಿಕೊಳ್ಳಬೇಕು. ಗಿರಣಿಯವರ ಸೊಸೆ ಒಂದು ಕಥೆಯನ್ನೂ ಹೇಳದೆ, ತಲೆ ಎತ್ತದೆ ಹೊಲಿದಳು. ಅವಳ ಕೈ ಇಷ್ಟು ಚುರುಕೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಸಂಯೋಜಕರು ನಮ್ಮ ಚಾಪೆಯ ಹತ್ತಿರ ನಿಂತು, ಹೋದ ವರ್ಷಕ್ಕಿಂತ ಬಹಳ ಜಲ್ದಿ ಆಗುತ್ತಿದೆ ಎಂದು ಯಾರಿಗೋ ಫೋನಿನಲ್ಲಿ ಹೇಳಿದರು. ಬಟ್ಟೆ ನಾಲ್ಕು ಕಡೆಯಿಂದಲೂ ಎಳೆದುಕೊಳ್ಳುತ್ತಿತ್ತು. ಸುಕ್ಕೆಲ್ಲ ನಡುವಿಗೆ ಬಂದು ನನ್ನ ಅಂಗೈಯ ಕೆಳಗೆ ದಿಬ್ಬವಾಗುತ್ತಿತ್ತು. “ತಡೀರಿ, ಸ್ವಲ್ಪ ಸಡ್ಲ ಬಿಡ್ರಿ,” ಎಂದು ನಾನು ಹೇಳಿದೆ. “ಆತ್ರಿ, ಆತ್ರಿ,” ಎಂದರು. ಯಾರೂ ಬಿಡಲಿಲ್ಲ.

ಇನ್ನೊಂದು ವಿಚಿತ್ರವನ್ನೂ ಇಲ್ಲಿ ದಾಖಲಿಸುತ್ತೇನೆ. ಪಕ್ಕದ ಚಾಪೆ ಲಕ್ಷ್ಮೇಶ್ವರದವರದು. ಅಲ್ಲಿ ಕೆಂಪು ದಾರದವಳು ಯಳವತ್ತಿಯಿಂದ ಬಂದ ಒಬ್ಬ ಗಟ್ಟಿ ಹೆಂಗಸು. ನನ್ನ ನೆಗೆಣ್ಣಿಯ ದಾರ ಮತ್ತೆ ಮತ್ತೆ ತೊಡಕಾಗುತ್ತಿತ್ತು. ದಾರಕ್ಕೆ ತಿಕ್ಕುವ ಮೇಣ ನಮ್ಮ ಗಿರಣಿಯವರ ಸೊಸೆಯ ಹತ್ತಿರ ಇತ್ತು. ಕೇಳಿದರೆ, “ಎಲ್ಲಿಟ್ಟೇನೋ ಏನೋ, ಸಿಗವಲ್ದು,” ಎಂದಳು. ಮೇಣದ ಉಂಡೆ ಅವಳ ತೊಡೆಯ ಕೆಳಗಿತ್ತು. ಆಗ ಯಳವತ್ತಿಯವಳು ತನ್ನ ಮೇಣವನ್ನು ನಮ್ಮ ಚಾಪೆಗೆ ಎಸೆದು, “ತೊಗೋ ತಂಗಿ, ನಿಂದೂ ಕೆಂಪ, ನಂದೂ ಕೆಂಪ,” ಎಂದಳು. ಇಬ್ಬರೂ ನಕ್ಕರು. ಹಿಂದಿನ ವರ್ಷ ಬೇರೆ ಊರಿನವರ ಅಡಿಕೆ ಮುಟ್ಟದವಳು ಬೇರೆ ಊರಿನವರ ಮೇಣ ತಿಕ್ಕಿಕೊಂಡು ಹೊಲಿದಳು. ಅವಳಿಗೆ ಲಕ್ಷ್ಮೇಶ್ವರದವರಿಂದ ಈಗ ಏನೂ ಭಯವಿರಲಿಲ್ಲ. ಭಯ ಪಕ್ಕದ ಬದಿಯಲ್ಲೇ ಕೂತಿತ್ತು.

ಮಧ್ಯಾಹ್ನ ಊಟಕ್ಕೆ ಬಿಟ್ಟರು. ಬುತ್ತಿ ಬಿಚ್ಚಿ ತಿಂದು ನಾನು ಕೈ ತೊಳೆಯಲು ಹೊರಗೆ ಹೋದೆ. ನಳದ ಹತ್ತಿರ ಸಾಲು ಇತ್ತು. ತಿರುಗಿ ಬಂದಾಗ ನೆಗೆಣ್ಣಿ ನಡುವೆ ಬಾಗಿ ಕೂತು ನನ್ನ ಹಳದಿ ಕಚ್ಚಾ ಹೊಲಿಗೆಯನ್ನು ಕೀಳುತ್ತಿದ್ದಳು. ಕೌದಿಯ ಬಾಯಿ ಇನ್ನೂ ಮುಚ್ಚಿರಲಿಲ್ಲ. ಕಿತ್ತ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಇದ್ದಳು.

“ಏನ್ ಮಾಡಾಕತ್ತೀ?” ಎಂದೆ.

“ಅಡ್ಡ ಬರಾಕತ್ತಿತ್ತಕ್ಕಾ. ನನ್ನ ಸಾಲ ಒಳಗ ಹೋಗವಲ್ದಾಗಿತ್ತು.”

“ಬಾಯಿ ಮುಚ್ಚೂಮಟಾ ತಗೀಬಾರದಂತ ನಿನಗ ಗೊತ್ತಿಲ್ಲೇನು?”

“ಗೊತ್ತೈತಿ.”

ದಾರ ಸುತ್ತುತ್ತಲೇ ಇದ್ದಳು. ನನ್ನ ಮುಖ ನೋಡಲಿಲ್ಲ. ಗಿರಣಿಯವರ ಸೊಸೆ ತನ್ನ ಹಸಿರು ಸೂಜಿಯನ್ನು ಎತ್ತಿಕೊಂಡು, ಹಳದಿ ತೆಗೆದ ಜಾಗಕ್ಕೆ ತಾನೂ ಒಂದು ಸಾಲು ಹರಿಸಿದಳು. ಮೂಲೆಮನೆಯ ಅತ್ತೆ ಸೊಸೆ ಊಟದ ಡಬ್ಬಿ ಮುಚ್ಚುವುದನ್ನೂ ಮರೆತು ತಮ್ಮ ತಮ್ಮ ಬದಿಗೆ ಓಡಿದರು. ನಾನು ನಿಂತೇ ಇದ್ದೆ. ಕೂರಲು ನನಗೆ ನಡುವೆ ಜಾಗವಿರಲಿಲ್ಲ.

ಆಗ ನನಗೆ ಸಿಟ್ಟು ಬಂತೆಂದು ಓದುವವರು ತಿಳಿಯಬಹುದು. ಬರಲಿಲ್ಲ. ಒಂದೇ ಕಡೆ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದೆ, ಚಿವುಟಿದರೂ ಅದು ಬೇರೆ ಯಾರದೋ ಕಾಲು ಎನ್ನಿಸುತ್ತದೆ. ಹಾಗಿತ್ತು. ಆ ಜೋಮು ಇವತ್ತಿನವರೆಗೂ ಪೂರ್ತಿ ಬಿಟ್ಟಿಲ್ಲ. ಅದಕ್ಕೇ ಇಷ್ಟು ಸಾವಧಾನವಾಗಿ ಬರೆಯಲು ಆಗುತ್ತಿದೆ.

ಸಂಜೆಗೆ ನಮ್ಮ ಕೌದಿ ಮುಗಿಯಿತು. ಮುಗಿಯಿತು ಎಂದರೆ ಹೊಲಿಯಲು ಜಾಗ ಉಳಿಯಲಿಲ್ಲ. ಹೊಟ್ಟೆ ತುಂಬಿಸುವುದನ್ನು ಎಲ್ಲರೂ ಮರೆತಿದ್ದರು. ರೊಟ್ಟಿಯ ಚೂರು ನನ್ನ ಸೆರಗಿನ ಗಂಟಿನಲ್ಲಿಯೇ ಇತ್ತು. ನೆಲಕ್ಕೆ ಹಾಸಿದರೆ ನಾಲ್ಕು ಮೂಲೆ ಮೇಲೆದ್ದು, ನಡು ಮಗುಚಿ ಹಾಕಿದ ರೊಟ್ಟಿ ಹಂಚಿನಂತೆ ಉಬ್ಬಿ ಕಾಣುತ್ತಿತ್ತು. ಕೂಸನ್ನು ಅದರ ಮೇಲೆ ಮಲಗಿಸಿದರೆ ಉರುಳಿ ಹೋಗುತ್ತಿತ್ತು.

ಲಕ್ಷ್ಮೇಶ್ವರ ಮತ್ತು ಶಿರಹಟ್ಟಿಯವರ ಕೌದಿಗಳೂ ಸುಮಾರು ಹೀಗೇ ಇದ್ದವು. ಎಣಿಸುವವರು ಕೊನೆಗೆ ಮುಂಡರಗಿಯವರ ಚಾಪೆಗೆ ಹೋದರು. ಅಲ್ಲಿ ತಡವಾಯಿತು. ಎಲ್ಲರೂ ಆ ಕಡೆ ನೋಡತೊಡಗಿದರು. ಅವರ ಕೌದಿ ನೆಲಕ್ಕೆ ಅಂಟಿದಂತೆ ಚಪ್ಪಟೆಯಾಗಿ ಬಿದ್ದಿತ್ತು, ಆದರೆ ಅದರ ಮೇಲೆ ಕೆಂಪು, ಹಸಿರು, ನೀಲಿ, ಕಪ್ಪು ಎಲ್ಲ ಬಣ್ಣಗಳೂ ಎಲ್ಲ ಬದಿಯಲ್ಲಿಯೂ ಕಲಸಿ ಹೋಗಿದ್ದವು. ಒಂದು ಸಾಲಿನೊಳಗೇ ಬಣ್ಣ ಬದಲಾಗಿತ್ತು. ಅವರು ಎಂದಿನಂತೆ ಸೂಜಿ ಬಿಡುತ್ತ ಹೊಲಿದಿದ್ದರು. ಸೂಜಿಯ ಜೊತೆಗೆ ಬಣ್ಣವೂ ಸುತ್ತಿತ್ತು.

“ಈ ಕೆಂಪ ಯಾರದ್ರಿ?” ಎಂದು ಸಂಯೋಜಕರು ಕೇಳಿದರು.

ಮುಂಡರಗಿ ತಂಡದ ಹಿರಿಯಳು ಸಿಂಗಟಾಲೂರಿನವಳು, ನನ್ನ ವಾರಿಗೆಯವಳು. “ನಮ್ದರಿ,” ಎಂದಳು.

“ನಿಮ್ದ ಅಂದ್ರ, ನಿಮ್ಮೊಳಗ ಯಾರದು?”

“ನಮ್ಮೊಳಗ ನಮ್ದ. ಏ ತಮ್ಮಾ, ಸೂಜಿ ಮೂಲೀಗೆ ಬಂದ ಮ್ಯಾಲೆ ಬಿಡಬೇಕಲ್ಲೊ. ಬಿಡ್ಲಿಲ್ಲಂದ್ರ ಮೂಲಿ ತಿರಗೂದು ಹ್ಯಾಂಗ?”

“ನಿಯಮಾ ಹೇಳಿದ್ವೆಲ್ರಿ, ಅವರವರ ದಾರದಾಗ ಅವರವರ ಹೊಲೀಬೇಕಂತ.”

“ಹೇಳಿದ್ರಿ. ಕೇಳೀವಿ. ಕೂತಿಂದ ಕೈ ಕೇಳ್ಲಿಲ್ಲ.”

ಅವಳ ತಂಡದವರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಅವರು ಸಂಸ್ಥೆಯನ್ನು ಧಿಕ್ಕರಿಸಲು ಹಾಗೆ ಮಾಡಿದರೆಂದು ನನಗೆ ಅನ್ನಿಸುವುದಿಲ್ಲ. ನಿಯಮವನ್ನು ಮರೆತಿದ್ದರು, ಅಷ್ಟೇ. ಮುಂಡರಗಿಯವರನ್ನು ಶಿಸ್ತು ಮೀರಿದ್ದಕ್ಕಾಗಿ ಸ್ಪರ್ಧೆಯಿಂದ ಹೊರಗಿಟ್ಟರು. ಫಲಕ ಲಕ್ಷ್ಮೇಶ್ವರಕ್ಕೆ ಹೋಯಿತು, ಕಡಿಮೆ ಕೆಟ್ಟದ್ದಕ್ಕಾಗಿ. ನಮ್ಮ ತಂಡದಲ್ಲಿ ಕೆಂಪು ಮೊದಲು, ಹಸಿರು ಎರಡನೆಯದು, ನೀಲಿ, ಕಪ್ಪು ಆಮೇಲೆ. ಅತ್ತೆಗೆ ಸೊಸೆಗಿಂತ ಕೂದಲೆಳೆಯಷ್ಟು ಹೆಚ್ಚು, ಸೊಸೆ ಜಾಣೆ. ಹಳದಿ, ಕೊನೆ.

ಕೀಳದೆ ಬಿಟ್ಟುಹೋದ ಕೆಲವು ಹಳದಿ ಹೊಲಿಗೆಗಳು ಅಂಚಿನಲ್ಲಿ ಎಲ್ಲೋ ಇದ್ದವು. ಅವನ್ನು ಎಣಿಸಿದ್ದರು. ನನ್ನ ಜಾಗ ಹೊಸಬರಿಗೆ ಎಂದು ಹೇಳುವಾಗ ಮೈಕಿನವರು ದನಿಯನ್ನು ತಗ್ಗಿಸಲಿಲ್ಲ. ನೆಗೆಣ್ಣಿ ವೇದಿಕೆಗೆ ಹೋಗಿ ಯಂತ್ರದ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಳು. ಅವಳ ತೋರುಬೆರಳಿಗೆ ಹಳದಿ ದಾರ ಇನ್ನೂ ಸುತ್ತಿಕೊಂಡಿತ್ತು. ಫೋಟೊದಲ್ಲಿ ಅದು ಕಾಣುತ್ತದೆ. ಗೊತ್ತಿದ್ದವರಿಗೆ ಮಾತ್ರ.

ಆಮೇಲಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಯಂತ್ರವನ್ನು ಟೆಂಪೊದಲ್ಲಿ ತಂದು ಪಡಸಾಲೆಯಲ್ಲಿ, ಮಗ್ಗವಿದ್ದ ಕಡೆ ಇಟ್ಟರು. ಅದರಲ್ಲಿ ಕೌದಿ ಹೊಲಿಯಲು ಆಗುವುದಿಲ್ಲ, ಅಷ್ಟು ಪದರಗಳ ಮೇಲೆ ಅದರ ಸೂಜಿ ನಿಲ್ಲುವುದಿಲ್ಲ. ನೆಗೆಣ್ಣಿ ಅದರ ಮೇಲೆ ಒಂದು ಹಳೆಯ ಚಾದರ ಹೊದಿಸಿದಳು. ನಾವಿಬ್ಬರೂ ಜಗಳವಾಡಲಿಲ್ಲ. ಅಂಗಳದ ನಳದಲ್ಲಿ ನೀರು ಬಂದಾಗ ಮೊದಲು ಯಾರು ಹಿಡಿಯಬೇಕೆಂಬ ಮಾತು ಬಂದರೆ ಇಬ್ಬರೂ ಇನ್ನೊಬ್ಬರಿಗೆ ಬಿಡುತ್ತಿದ್ದೆವು. ಅಷ್ಟು ಮರ್ಯಾದೆ ನಮ್ಮ ನಡುವೆ ಹಿಂದೆ ಇರಲಿಲ್ಲ. ಹಿಂದೆ ಅವಳು ನನ್ನ ಕೊಡವನ್ನು ಸರಿಸಿ ತನ್ನದನ್ನು ಇಡುತ್ತಿದ್ದಳು, ನಾನು ಬಯ್ಯುತ್ತಿದ್ದೆ.

ಈ ವರ್ಷ ಅವಳ ಮಗಳು ಹೆರಿಗೆಗೆ ಬಂದಳು. ಚೊಚ್ಚಲು. ನಾನು ಎತ್ತಿ ಆಡಿಸಿದ ಹುಡುಗಿ ಅವಳು. ನನ್ನ ಮಡಿಲಲ್ಲೇ ಅಕ್ಷರ ಕಲಿತವಳು. ಒಂದು ದಿನ ಮಧ್ಯಾಹ್ನ ನೆಗೆಣ್ಣಿ ನನ್ನ ಬಾಗಿಲಿಗೆ ಬಂದು ಹೊಸ್ತಿಲ ಹೊರಗೆ ನಿಂತಳು.

“ಅಕ್ಕಾ, ಕೂಸಿನ ಕೌದಿ ಹಾಕಬೇಕು. ನಡು ಹಿಡೀ ಬಾ.”

“ನನ್ನ ಜಾಗಾ ಹೊಸಬರಿಗೆ ಕೊಟ್ಟಾರಲ್ಲ,” ಎಂದೆ.

“ಅದು ಅಲ್ಲೆ. ಇದು ಮನಿ.”

“ಅಲ್ಲೆ ಕೂತಾವ್ರೂ ಇದ ಓಣಿ ಮಂದೀನ ಇದ್ರು.”

“ನಿನ್ನ ಸಲುವಾಗಿ ಬರಬ್ಯಾಡಕ್ಕಾ, ನನ್ನ ಸಲುವಾಗೀನೂ ಬರಬ್ಯಾಡ. ಆಕೀ ಸಲುವಾಗಿ ಬಾ. ನಿನ್ನ ಕೈಯಾಗಿಂದ ಕೌದ್ಯಾಗ ಮಲಗಬೇಕಂತಾಳ ತನ್ನ ಕೂಸು.”

ಹೋದೆ. ಐವರೂ ಕೂತೆವು. ಒಂದೇ ಬಣ್ಣದ ದಾರ, ಬಿಳಿಯದು, ನೆಗೆಣ್ಣಿಯೇ ಹುಡುಕಿ ತಂದದ್ದು. ಅವಳ ಮದುವೆಯ ಸೀರೆಯ ತುಂಡು ಮೇಲಿನ ಪದರದಲ್ಲಿತ್ತು, ನಮ್ಮ ಅತ್ತೆಯವರ ಸೀರೆಯದೂ ಇತ್ತು. ನಾನು ಕಚ್ಚಾ ಹೊಲಿಗೆ ಹಾಕಿದೆ. ನನಗೆ ಆಗ ಒಂದು ಆಸೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ದಾರ ಬಿಳಿಯದಾದರೆ ಎಲ್ಲವೂ ಹಿಂದಿನಂತೆ ಆದೀತು ಎಂಬ ಆಸೆ.

ನೆಗೆಣ್ಣಿ ಮೊದಲ ಸಾಲು ಮುಗಿಸಿ ಮೂಲೆಗೆ ಬಂದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿ ಬಿಟ್ಟಳು. ಬಿಟ್ಟು, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಪಕ್ಕದ ಬದಿ ಗಿರಣಿಯವರ ಸೊಸೆಯದು. ಅವಳು ಆ ಸೂಜಿಯನ್ನು ನೋಡಿದಳು. ಎತ್ತಿಕೊಳ್ಳಲಿಲ್ಲ. ತನ್ನ ಬ್ಲೌಸಿಗೆ ಚುಚ್ಚಿಕೊಂಡಿದ್ದ ತನ್ನದೇ ಸೂಜಿ ತೆಗೆದು ತನ್ನ ಬದಿಯ ನಡುಮಧ್ಯದಿಂದ ಹೊಲಿಯತೊಡಗಿದಳು. ಬೇಕೆಂದು ಮಾಡಿದಳೋ, ಕೈಗೆ ಹಾಗೆ ರೂಢಿಯಾಗಿತ್ತೋ, ನನಗೆ ತಿಳಿಯದು. ನೆಗೆಣ್ಣಿ ಕಾದಳು. ಆಮೇಲೆ ಕಾಯುವುದನ್ನು ಬಿಟ್ಟಳು. ಮೂಲೆಮನೆಯ ಅತ್ತೆ ತನ್ನ ಸಾಲು ಮುಗಿಸಿ ಎದ್ದು, ಒಲೆಯ ಮೇಲೆ ಹಾಲಿದೆ ಎಂದು ಹೋದಳು. ಸೊಸೆ ಅವಳ ಹಿಂದೆ ಹೋದಳು. ಗಿರಣಿಯವರ ಸೊಸೆ ಹೊರಡುವಾಗ ಬಾಗಿಲಲ್ಲಿ ನಿಂತು, “ನಾಳಿ ಬರತೇನ್ರಿ ಬಾಯಾರ,” ಎಂದಳು. ಮರುದಿನ ಬರಲಿಲ್ಲ. ಯಾರೂ ಬರಲಿಲ್ಲ, ಮತ್ತೆ ಕರೆಯಲು ನೆಗೆಣ್ಣಿಯೂ ಹೋಗಲಿಲ್ಲ.

ನಾವಿಬ್ಬರೇ ಮುಗಿಸಬಹುದಿತ್ತು ಎಂದು ನನ್ನ ಮಗ ಹೇಳುತ್ತಾನೆ. ಇಬ್ಬರಿಂದ ಹೊಲಿಗೆ ಮುಗಿಯುತ್ತದೆ. ಆದರೆ ಓಣಿಯ ಕೂಸಿಗೆ ಓಣಿಯ ಕೈ ಬೇಕೆಂದು ಮೊದಲಿನಿಂದ ನಡೆದುಬಂದಿದೆ. ಇಬ್ಬರು ಹೊಲಿದದ್ದನ್ನು ನೆಗೆಣ್ಣಿಯೇ ಮಗಳ ಮಡಿಲಿಗೆ ಹಾಕಲಾರಳು, ನಾನು ಹಾಕೆಂದು ಹೇಳಲಾರೆ.

ಕೂಸು ಹುಟ್ಟಿತು. ಹೆಣ್ಣು, ಆರೋಗ್ಯವಾಗಿದೆ. ಅಂಗಡಿಯಿಂದ ತಂದ, ಕರಡಿಯ ಚಿತ್ರವಿರುವ ಮೆತ್ತನೆಯ ಚಾದರದಲ್ಲಿ ಮಲಗುತ್ತದೆ. ಬೆಚ್ಚಗಿದೆ, ನನಗೆ ಅದರ ಬಗ್ಗೆ ದೂರಿಲ್ಲ. ಕೌದಿ ಪಡಸಾಲೆಯಲ್ಲಿ ಯಂತ್ರದ ಪಕ್ಕದಲ್ಲಿ ಮಡಿಸಿ ಇಟ್ಟಿದೆ. ಬಾಯಿ ತೆರೆದೇ ಇದೆ. ನನ್ನ ಕಚ್ಚಾ ಹೊಲಿಗೆಯನ್ನು ಈ ಸಲ ಯಾರೂ ಕಿತ್ತಿಲ್ಲ. ನೆಗೆಣ್ಣಿ ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಅದನ್ನು ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಾಳೆ. ಮೂಲೆಯ ಸೂಜಿಗೆ ಕೂಸಿನ ಕೈ ತಾಗೀತೆಂದು ಒಂದು ಹುಣಸೆಬೀಜವನ್ನು ಅದರ ಮೊನೆಗೆ ಚುಚ್ಚಲು ನೋಡಿದಳು, ಬೀಜ ಒಡೆಯಿತು. ಆಮೇಲೆ ಬೆಂಡಿನ ತುಂಡು ಚುಚ್ಚಿದಳು. ಸೂಜಿಯನ್ನು ಮಾತ್ರ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಹೋದ ವಾರ ಸಂಸ್ಥೆಯಿಂದ ಫೋನು ಬಂತು. ಅದೇ ಸಂಯೋಜಕರು. ಈ ಸಲದ ಸ್ಪರ್ಧೆಯಲ್ಲಿ ಹಿರಿಯ ಕೌದಿ ಕಲಾವಿದೆಯೆಂದು ನನಗೆ ಶಾಲು ಹೊದಿಸಬೇಕೆಂದಿದ್ದಾರಂತೆ. ನಿಯಮವನ್ನೂ ಸುಧಾರಿಸಿದ್ದಾರಂತೆ, ಬಣ್ಣದ ದಾರದ ಬದಲು ಪ್ರತಿಯೊಬ್ಬಳಿಗೂ ಬೇರೆ ಬೇರೆ ತುಂಡು ಕೊಟ್ಟು, ಕಡೆಗೆ ಅವನ್ನು ಜೋಡಿಸುತ್ತಾರಂತೆ. ಯಾರು ಜೋಡಿಸುತ್ತಾರೆಂದು ನಾನು ಕೇಳಿದೆ. ಅದಕ್ಕೆ ಒಬ್ಬ ದರ್ಜಿಯನ್ನು ಗೊತ್ತು ಮಾಡಿದ್ದೇವೆ ಎಂದರು. ಬರುತ್ತೀರಲ್ಲ ಬಾಯಾರ, ಎಂದರು. ಈ ಸಲ ಬಾಯಾರ ಎಂದರು. ಯಾರೋ ಹೇಳಿಕೊಟ್ಟಿರಬೇಕು.

ಶಾಲು ನನಗೆ ಬೇಡ. ಕೇಳುವುದು ಒಂದೇ ಇದೆ, ಫೋನಿನಲ್ಲಿ ಕೇಳಲಾಗಲಿಲ್ಲ, ಇಲ್ಲಿ ಕೇಳುತ್ತೇನೆ. ಒಬ್ಬಳು ಸೂಜಿ ಬಿಟ್ಟರೆ ಇನ್ನೊಬ್ಬಳು ಎತ್ತಿಕೊಳ್ಳದಂತೆ ಮಾಡಲು ನಿಮಗೆ ಒಂದು ದಿನ, ಐದು ಬಣ್ಣದ ದಾರ ಮತ್ತು ಒಂದು ಯಂತ್ರ ಸಾಕಾಯಿತು. ನಮ್ಮ ಪಡಸಾಲೆಯ ಆ ಮೂಲೆಯಲ್ಲಿ ನಿಂತಿರುವ ಸೂಜಿಯನ್ನು ಪಕ್ಕದವಳು ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡಲು ನೀವು ಯಾವ ಬಹುಮಾನ ಇಡುತ್ತೀರಿ?